ಗ್ರೀಕ್ ತತ್ತ್ವಗ್ರಂಥಗಳ ಮೂಲಪಾಠವಿಲ್ಲದ ಡಿಜಿಟಲ್ ಆವೃತ್ತಿಗಳು

ಪ್ಲೇಟೋ, ಅರಿಸ್ಟಾಟಲ್ ಮೊದಲಾದ ಪ್ರಾಚೀನ ಗ್ರೀಕ್ ದಾರ್ಶನಿಕರ ಕೃತಿಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುವುದು ಬಹುಮಟ್ಟಿಗೆ ಇಂಗ್ಲಿಷ್ ಅನುವಾದವಾಗಿ ಮಾತ್ರ. ಕೃತಿಸ್ವಾಮ್ಯದ ಅವಧಿ ಮುಗಿದ ಹಳೆಯ ಅನುವಾದಗಳೇ ಇವುಗಳಲ್ಲಿ ಹೆಚ್ಚು. ಬೆಂಜಮಿನ್ ಜೋವೆಟ್‌ನ ಪ್ಲೇಟೋ ಇದಕ್ಕೆ ಪ್ರಸಿದ್ಧ ನಿದರ್ಶನ.

ಎಸ್. ಎಚ್. ಬುಚರ್ 1895ರಲ್ಲಿ ಪ್ರಕಟಿಸಿದ ಅರಿಸ್ಟಾಟಲನ ಕಾವ್ಯಮೀಮಾಂಸೆಯ ಆವೃತ್ತಿಯಲ್ಲಿ ಗ್ರೀಕ್ ಮೂಲವೂ ಅನುವಾದವೂ ಎದುರುಬದುರು ಪುಟಗಳಲ್ಲಿದ್ದವು. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಪ್ರತಿಯಲ್ಲಿ ಅನುವಾದವಷ್ಟೇ ಉಳಿದಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಪಾಶ್ಚಾತ್ಯ ಕಾವ್ಯಮೀಮಾಂಸೆಯನ್ನು ಓದುವ ವಿದ್ಯಾರ್ಥಿಗೆ ಮೊಬೈಲಿನಲ್ಲಿ ಸುಲಭವಾಗಿ ಸಿಗುವುದು ಇಂಥ ಪ್ರತಿಯೇ. ನಷ್ಟ ಚಿಕ್ಕದಲ್ಲ. ದುರಂತನಾಯಕನ ಪತನಕ್ಕೆ ಅರಿಸ್ಟಾಟಲ್ ಹೇಳುವ ಕಾರಣ ‘ಹಮಾರ್ಟಿಯಾ’. ಬುಚರ್ ಇದನ್ನು ‘ಪ್ರಮಾದ ಅಥವಾ ದೌರ್ಬಲ್ಯ’ ಎಂಬರ್ಥದ ಎರಡು ಪದಗಳಿಂದ ಅನುವಾದಿಸಿದ್ದಾನೆ; ಮೂಲದಲ್ಲಿರುವುದು ಒಂದೇ ಪದ. ಎರಡನೆಯದನ್ನು ಹಿಡಿದ ಓದುಗ ನಾಯಕನ ಸ್ವಭಾವದಲ್ಲೇ ದೋಷವನ್ನು ಹುಡುಕತೊಡಗುತ್ತಾನೆ. ಆ ಪದದ ಕ್ರಿಯಾರೂಪಕ್ಕಾದರೋ, ಎಸೆದ ಈಟಿ ಗುರಿ ತಪ್ಪುವುದು ಎಂಬುದು ಹಳೆಯ ಅರ್ಥ. ಕನ್ನಡದ ‘ತಪ್ಪು’ ಎಂಬ ಮಾತಿನಲ್ಲಿ ಗುರಿ ತಪ್ಪುವುದೂ ಪ್ರಮಾದವೂ ಒಟ್ಟಿಗೇ ಇವೆ. ಮೂಲ ಕಣ್ಣೆದುರಿಗಿದ್ದರೆ ಕನ್ನಡಿಗನಿಗೆ ಇಲ್ಲಿ ಇಂಗ್ಲಿಷಿನ ಬಳಸುದಾರಿ ಬೇಕಾಗಿಲ್ಲ.

ಮೂಲವನ್ನು ಹುಡುಕಲು ಪುಟಾಂಕಗಳೇ ಆಧಾರ. ಪ್ಲೇಟೋಗೆ 1578ರ ಸ್ಟೆಫಾನಸ್ ಮುದ್ರಣದ, ಅರಿಸ್ಟಾಟಲನಿಗೆ 1831ರ ಬೆಕ್ಕರ್ ಮುದ್ರಣದ ಪುಟಸಂಖ್ಯೆಗಳನ್ನು ವಿದ್ವಾಂಸರು ಬಳಸುತ್ತಾರೆ. ಮೇಲಿನ ಪದ ಬರುವ ಸ್ಥಳ 1453ಎ. ಅನುವಾದಮಾತ್ರದ ಅನೇಕ ಪ್ರತಿಗಳಲ್ಲಿ ಈ ಅಂಕಗಳೂ ಬಿಟ್ಟುಹೋಗಿವೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಗ್ರಂಥಾಲಯದಲ್ಲಿ ಗ್ರೀಕ್ ಪಾಠ, ಅನುವಾದ, ನಿಘಂಟು ಮೂರೂ ಉಚಿತ. ಪದವನ್ನು ಒತ್ತಿದರೆ ಅದರ ವ್ಯಾಕರಣರೂಪವೂ ಅರ್ಥವೂ ತೆರೆದುಕೊಳ್ಳುತ್ತವೆ.