ಮನೆಯಲ್ಲಿಯೇ ಹಿರಿಯರ ಆರೈಕೆ: ವೆಚ್ಚಕ್ಕೆ ದಾರಿಗಳು

ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನ, ದೊಡ್ಡ ಖರ್ಚು ಮುಗಿಯಿತೆಂದು ಬಂಧುಗಳು ಸಮಾಧಾನಪಡುವುದು ಸಹಜ. ವಾಸ್ತವವಾಗಿ ದೀರ್ಘಕಾಲದ ಖರ್ಚು ಆರಂಭವಾಗುವುದು ಅಂದಿನಿಂದಲೇ. ಆಸ್ಪತ್ರೆಯ ಬಿಲ್ಲು ಒಮ್ಮೆ ಬರುತ್ತದೆ. ಮಗ್ಗುಲು ಬದಲಿಸುವ, ಸ್ನಾನ ಮಾಡಿಸುವ, ತುತ್ತು ಉಣಿಸುವ ಕೈಗಳ ಖರ್ಚು ದಿನದಿನವೂ ಬರುತ್ತದೆ. ಹಗಲಿಗೆ ಮಾತ್ರ ಒಬ್ಬ ಆರೈಕೆದಾರರನ್ನು ದಿನಕ್ಕೆ 700 ರೂಪಾಯಿಯಂತೆ ಇಟ್ಟುಕೊಂಡರೂ ತಿಂಗಳಿಗೆ 21,000 ರೂಪಾಯಿ ಆಗುತ್ತದೆ. ರಾತ್ರಿಗೂ ಒಬ್ಬರು ಬೇಕಾದರೆ ಅದು ಇಮ್ಮಡಿ. ಔಷಧ, ಡೈಪರ್, ಫಿಸಿಯೋಥೆರಪಿ ಇವೆಲ್ಲ ಬೇರೆ. ಇಂತಹ ಲೆಕ್ಕವನ್ನು ಮೊದಲ ವಾರದಲ್ಲಿಯೇ ಕಾಗದದ ಮೇಲೆ ಬರೆಯುವ ಮನೆಗಳು ವಿರಳ.

ವಿಮೆ ಇದೆಯಲ್ಲ ಎಂಬುದು ಹಲವರ ಭರವಸೆ. ಆದರೆ ಎಪ್ಪತ್ತು ದಾಟಿದವರೆಲ್ಲರಿಗೂ ಅನ್ವಯಿಸುವಂತೆ ಕೇಂದ್ರ ಸರ್ಕಾರ 2024ರಲ್ಲಿ ವಿಸ್ತರಿಸಿದ ಆಯುಷ್ಮಾನ್ ಭಾರತ್ ಯೋಜನೆಯ ವಾರ್ಷಿಕ 5 ಲಕ್ಷ ರೂಪಾಯಿ ಒಳರೋಗಿ ಚಿಕಿತ್ಸೆಗೆ ಮಾತ್ರ. ಖಾಸಗಿ ವಿಮೆಗಳಲ್ಲಿರುವ ಮನೆ ಚಿಕಿತ್ಸೆಯ ಸೌಲಭ್ಯವೂ ಆಸ್ಪತ್ರೆಗೆ ಸೇರಿಸಲೇಬೇಕಾದ ಕಾಯಿಲೆಗೆ ವೈದ್ಯರ ಸಲಹೆಯಂತೆ ಮನೆಯಲ್ಲಿ ಚಿಕಿತ್ಸೆ ನೀಡುವ ಸಂದರ್ಭಕ್ಕೆ ಸೀಮಿತ. ಸ್ನಾನ ಮಾಡಿಸುವವರ ಸಂಬಳವನ್ನು ಸಾಮಾನ್ಯವಾಗಿ ಯಾವ ವಿಮೆಯೂ ಭರಿಸುವುದಿಲ್ಲ. ಹಾಗೆಂದು ವಿಮೆಯನ್ನು ಬಿಡಬಾರದು. ಉಳಿತಾಯ ಆಸ್ಪತ್ರೆಯ ಪಾಲಾಗದಂತೆ ಅದು ಕಾಯುತ್ತದೆ.

ಹಾಗಾದರೆ ಹಣ ಎಲ್ಲಿಂದ? ಮೊದಲು ಹಿರಿಯರದೇ ಹಣದಿಂದ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ನಮ್ಮ ಮನೆಗಳಲ್ಲಿ ಇದೊಂದು ನಾಜೂಕಿನ ವಿಷಯ. ಅಪ್ಪನ ಠೇವಣಿ ಮುಟ್ಟಲು ಮಕ್ಕಳಿಗೆ ಮುಜುಗರ, ಮೊಮ್ಮಕ್ಕಳಿಗಿರಲಿ ಎಂದು ಅಪ್ಪನಿಗೂ ಹಠ. ಕೊನೆಗೆ ಠೇವಣಿ ಹಾಗೆಯೇ ಉಳಿದು, ಹಾಸಿಗೆ ಹಿಡಿದ ಜೀವ ಬೆನ್ನಹುಣ್ಣಿನಿಂದ ನರಳುತ್ತದೆ. ಅರವತ್ತು ದಾಟಿದವರಿಗೆ ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2023ರ ಏಪ್ರಿಲಿನಲ್ಲಿ ಶೇಕಡಾ 8.2ಕ್ಕೆ ಏರಿತು, ಮಿತಿ 30 ಲಕ್ಷ ರೂಪಾಯಿ. ಆ ದರದಲ್ಲಿ ಹತ್ತು ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಕೈಸೇರುತ್ತದೆ. ಪೂರ್ಣ ಮಿತಿಯಷ್ಟು ಇಟ್ಟರೆ ತಿಂಗಳ ಲೆಕ್ಕದಲ್ಲಿ 20,500. ಅಂದರೆ ಮೇಲೆ ಹೇಳಿದ ಹಗಲಿನ ಆರೈಕೆದಾರರ ಸಂಬಳಕ್ಕೆ ಬಹುತೇಕ ಸಮ. ಹೊಲ ಮಾರಿದ, ನಿವೃತ್ತಿಯಲ್ಲಿ ಬಂದ ಹಣ ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿದ್ದಿದ್ದರೆ ಇದನ್ನು ಯೋಚಿಸಬೇಕು. ಕೇಂದ್ರ ಸರ್ಕಾರದ ನಿವೃತ್ತರಿಗೆ ಎಂಬತ್ತು ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇಕಡಾ 20, ಎಂಬತ್ತೈದಕ್ಕೆ 30, ತೊಂಬತ್ತಕ್ಕೆ 40 ಹೆಚ್ಚುವರಿ ದೊರೆಯುತ್ತದೆ. ಕುಟುಂಬ ಪಿಂಚಣಿ ಪಡೆಯುವ ವಿಧವೆಯರಿಗೂ ಇದು ಅನ್ವಯ. ದಾಖಲೆಯಲ್ಲಿ ಜನ್ಮದಿನಾಂಕ ಸರಿಯಿಲ್ಲದೆ ಇದು ತಪ್ಪಿಹೋಗಬಾರದು. ಬಡ ಕುಟುಂಬಗಳಿಗೆ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಿಕ 1,200 ರೂಪಾಯಿ ಔಷಧಕ್ಕಾದರೂ ಆದೀತು.

ಹಣವಿದ್ದೂ ಕೈಗೆ ಸಿಗದ ಸ್ಥಿತಿ ಇದಕ್ಕಿಂತ ಕಠಿಣ. ಅಮ್ಮನಿಗೆ ಮರೆಗುಳಿತನ ಬಲಿತ ಮೇಲೆ ಆಕೆಯೊಬ್ಬಳ ಹೆಸರಿನ ಖಾತೆಯನ್ನು ಮಗಳು ನಡೆಸಲಾಗದು. ಹಿಂದೆ ಬರೆಸಿಕೊಂಡ ಮುಖ್ತಿಯಾರು ಪತ್ರವಿದೆಯೆಂದರೆ, ಬರೆದುಕೊಟ್ಟವರ ಬುದ್ಧಿ ಸ್ತಿಮಿತ ತಪ್ಪಿದಾಗ ಕಾನೂನಿನ ದೃಷ್ಟಿಯಲ್ಲಿ ಅದರ ಬಲವೂ ಮುಗಿಯುತ್ತದೆ. ಆಗ ಪಾಲಕರ ನೇಮಕಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಆದುದರಿಂದ ಹಿರಿಯರು ಸ್ವಸ್ಥರಾಗಿರುವಾಗಲೇ, ಅವರ ಪೂರ್ಣ ಒಪ್ಪಿಗೆಯಿಂದ, ನಂಬಿಕೆಯ ಒಬ್ಬರನ್ನು ಇಬ್ಬರಲ್ಲಿ ಯಾರಾದರೂ ಹಣ ತೆಗೆಯಬಹುದಾದ ಜಂಟಿ ಖಾತೆಗೆ ಸೇರಿಸುವುದು ಒಳಿತು. ಬುದ್ಧಿ ಸ್ಪಷ್ಟವಾಗಿದ್ದು ಕೈ ಮಾತ್ರ ಸ್ವಾಧೀನ ತಪ್ಪಿದವರಿಗೆ ತೊಡಕಿಲ್ಲ: ಹೆಬ್ಬೆರಳಿನ, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ ಪಡೆಯಲು ಅವಕಾಶವಿದೆ, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿನ ಸೇವೆ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲಿಯೇ ಸೂಚಿಸಿದೆ. ಮ್ಯಾನೇಜರರನ್ನು ಕೇಳಲು ಸಂಕೋಚ ಬೇಡ.

ಕೈಯಲ್ಲಿ ಹಣವಿಲ್ಲ, ಪಟ್ಟಣದಲ್ಲಿ ಸ್ವಂತ ಮನೆಯಿದೆ ಎಂಬವರಿಗೆ 2007ರ ಕೇಂದ್ರ ಮುಂಗಡಪತ್ರದಲ್ಲಿ ಪ್ರಕಟವಾದ ತಿರುವು ಅಡಮಾನ ಸಾಲವಿದೆ. ಇಲ್ಲಿ ಕಂತು ಕಟ್ಟುವುದು ನಾವಲ್ಲ, ಬ್ಯಾಂಕೇ ಹಿರಿಯರಿಗೆ ಕಂತು ಕೊಡುತ್ತದೆ. ಅರವತ್ತು ದಾಟಿದವರು ಸ್ವಯಾರ್ಜಿತ ವಾಸದ ಮನೆಯನ್ನು ಅಡವಿಟ್ಟು ಗರಿಷ್ಠ 20 ವರ್ಷ ಹಣ ಪಡೆಯುತ್ತ, ಬದುಕಿರುವವರೆಗೆ ಅದೇ ಮನೆಯಲ್ಲಿ ಇರಬಹುದು. ಪತಿಪತ್ನಿಯರು ಜಂಟಿಯಾಗಿ ಪಡೆದಿದ್ದರೆ ಇಬ್ಬರ ಕಾಲಾನಂತರವೇ ಸಾಲದ ವಸೂಲಿ. ವಾರಸುದಾರರು ಬಾಕಿ ತೀರಿಸಿ ಮನೆ ಉಳಿಸಿಕೊಳ್ಳಬಹುದು. ಪಡೆದ ಹಣಕ್ಕೆ ಆದಾಯ ತೆರಿಗೆಯಿಲ್ಲ. ಆದರೂ ನಮ್ಮಲ್ಲಿ ಇದು ಬಳಕೆಗೆ ಬರಲಿಲ್ಲ. ಹಿರಿಯರ ಮನೆಯನ್ನು ಅಡವಿಡುವುದು ಮನೆತನಕ್ಕೆ ಅವಮಾನವೆಂಬ ಭಾವನೆ ಅದಕ್ಕೊಂದು ಕಾರಣ. ಕೃಷಿಭೂಮಿಗೆ ಈ ಸಾಲ ಸಿಗದು. ಹಳ್ಳಿಗರಿಗೆ ಇದರಿಂದ ಪ್ರಯೋಜನ ಅಲ್ಪ.

ಇನ್ನು ಮಕ್ಕಳ ಪಾಲು. ನಾಲ್ವರು ಮಕ್ಕಳಿರುವ ಮನೆಯಲ್ಲಿ ಮೂವರು ಹಣ ಕಳುಹಿಸಿ, ಊರಿನಲ್ಲಿರುವ ನಾಲ್ಕನೆಯವನ ಹೆಂಡತಿ ಹಗಲಿರುಳು ಸೇವೆ ಮಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಲೆಕ್ಕದ ಪುಸ್ತಕದಲ್ಲಿ ಆ ಸೊಸೆಯ ಹೆಸರೇ ಇರುವುದಿಲ್ಲ. ಹೊರಗಿನವರಿಗೆ 21,000 ಕೊಡಬೇಕಾದ ಕೆಲಸವನ್ನು ಆಕೆ ಮಾಡುತ್ತಿದ್ದರೆ ಆ ಕುಟುಂಬದ ಪಾಲು ಸಂದಿತೆಂದೇ ಉಳಿದವರು ತಿಳಿಯಬೇಕು. ಹೊಲಿಗೆಯೋ ಅಂಗನವಾಡಿಯ ಕೆಲಸವೋ ಬಿಟ್ಟು ಕುಳಿತಿದ್ದರೆ ತಪ್ಪಿದ ಗಳಿಕೆಯನ್ನು ತುಂಬಿಕೊಡುವುದು ನ್ಯಾಯ. ಯಾರು ಎಷ್ಟು, ಯಾವ ತಾರೀಖಿಗೆ ಎಂಬುದನ್ನು ಬರೆದಿಟ್ಟುಕೊಂಡರೆ ಮನಸ್ತಾಪ ಕಡಿಮೆ.

ಒಪ್ಪದ ಮಕ್ಕಳಿಗೆ 2007ರ ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪಾಲನೆ ಕಾಯ್ದೆಯಿದೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿದರೆ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ವಿಧಿಸಲು ಅವಕಾಶವಿದೆ. ನೋಟಿಸು ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕೆಂಬುದು ನಿಯಮ. ಆಸ್ತಿಯನ್ನು ಮಕ್ಕಳ ಹೆಸರಿಗೆ ಬರೆಯುವವರು ಗಮನಿಸಬೇಕಾದುದು ಇನ್ನೊಂದಿದೆ. ಪಾಲನೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಾಲನೆ ತಪ್ಪಿದರೆ, ಹಿಂಪಡೆಯಲು ಇದೇ ಕಾಯ್ದೆಯ 23ನೆಯ ಕಲಂ ಅನುವು ಮಾಡಿದೆ. ಆದರೆ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರ ಜನವರಿಯ ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿದೆಯಾದರೂ, ಎರಡು ಸಾಲು ಷರತ್ತನ್ನು ದಾನಪತ್ರದಲ್ಲಿಯೇ ಬರೆಸುವುದು ಜಾಣತನ. ಮಾರ್ಗದರ್ಶನಕ್ಕೆ ಹಿರಿಯರ ಸಹಾಯವಾಣಿ 14567 ಇದೆ.

ಖರ್ಚು ತಗ್ಗಿಸುವ ದಾರಿಗಳೂ ಉಂಟು. ಜನೌಷಧಿ ಕೇಂದ್ರದ ಮಾತ್ರೆಗಳು ಅಗ್ಗ. ಅವಲಂಬಿತ ತಂದೆತಾಯಿಗೆ ಶೇಕಡಾ 40ಕ್ಕೆ ಮೇಲ್ಪಟ್ಟ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ಮಗನೋ ಮಗಳೋ ಆದಾಯದಲ್ಲಿ 75,000, ತೀವ್ರವಾಗಿದ್ದರೆ 1,25,000 ರೂಪಾಯಿ ಕಡಿತ ಕೇಳಬಹುದು. ಕೇರಳದ ಕೋಳಿಕ್ಕೋಡಿನಲ್ಲಿ 1990ರ ದಶಕದಿಂದ ಬೆಳೆದ ಉಪಶಾಮಕ ಆರೈಕೆಯ ಜಾಲದಲ್ಲಿ ನೆರೆಹೊರೆಯವರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಖರ್ಚಿನ ಬಹುಪಾಲು ಸಣ್ಣ ಸಣ್ಣ ದೇಣಿಗೆಗಳಿಂದ ಬರುತ್ತದೆ. ದಾಸೋಹದ ರೂಢಿಯಿರುವ ನಮ್ಮ ಊರುಗಳಿಗೆ ಇದು ಅಸಾಧ್ಯವೇನಲ್ಲ.

ಆರೈಕೆದಾರರನ್ನು ಏಜೆನ್ಸಿಯ ಮೂಲಕ ಗೊತ್ತುಮಾಡುವವರು, ತಾವು ಕೊಡುವುದರಲ್ಲಿ ಕೆಲಸ ಮಾಡುವವರ ಕೈಗೆ ಎಷ್ಟು ಸೇರುತ್ತದೆ, ವಾರದ ರಜೆಗೆ ಬದಲಿ ಯಾರು, ಮುಂಗಡ ಮರಳುವುದು ಹೇಗೆ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಬೇಕು. ಊರಿನ ಪರಿಚಿತ ಮಹಿಳೆಯನ್ನೇ ನೇಮಿಸಿಕೊಳ್ಳುವುದಾದರೆ, ಬಿಡುಗಡೆಗೆ ಎರಡು ದಿನ ಮುಂಚೆ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದು, ಮಗ್ಗುಲು ಹೊರಳಿಸುವ ಮತ್ತು ನಳಿಕೆಯಲ್ಲಿ ಆಹಾರ ಕೊಡುವ ಕ್ರಮವನ್ನು ದಾದಿಯರಿಂದ ಕಲಿಸಬೇಕು. ಇದಕ್ಕೆ ಪ್ರತ್ಯೇಕ ಶುಲ್ಕವಿರುವುದಿಲ್ಲ, ಕೇಳಿದರೆ ಕಲಿಸುತ್ತಾರೆ.