ಒಂದು ಪೊಟ್ಟಣ, ಒಂದು ಲೀಟರ್ ನೀರು

ಸಿರುಗುಪ್ಪದಲ್ಲಿ ನನ್ನ ಅಕ್ಕನ ಮನೆ. ಕಳೆದ ಬೇಸಿಗೆಯಲ್ಲಿ ನಾನು ಹೋದ ದಿನವೇ ಅವಳ ಮೂರು ವರ್ಷದ ಮೊಮ್ಮಗನಿಗೆ ಬೆಳಗಿನಿಂದ ವಾಂತಿಭೇದಿ. ಆಶಾ ಕಾರ್ಯಕರ್ತೆ ಕೊಟ್ಟಿದ್ದ ಓಆರ್‌ಎಸ್ ಪೊಟ್ಟಣ ಮನೆಯಲ್ಲಿತ್ತು. ಅಕ್ಕ ಅದನ್ನು ಪೂರ್ತಿ ಒಂದೇ ಲೋಟಕ್ಕೆ ಸುರಿದು ಕಲಸುತ್ತಿದ್ದಳು. ಬಳ್ಳಾರಿಯಲ್ಲಿ ನರ್ಸಿಂಗ್ ಓದುವ ಹಿರಿಯ ಮೊಮ್ಮಗಳು ಅಡುಗೆಮನೆಗೆ ಓಡಿ ಬಂದಳು.

"ಅಜ್ಜಿ, ತಡಿ! ಅದನ್ನ ಕುಡಿಸಬ್ಯಾಡ."

"ಯಾಕವ್ವಾ? ಗಟ್ಟಿಯಾಗಿ ಕಲಸಿದ್ರ ಕೂಸಿಗೆ ಲಗೂನ ಶಕ್ತಿ ಬರ್ತದ."

"ಶಕ್ತಿ ಬರಲ್ಲ, ಭೇದಿ ಇನ್ನೂ ಜಾಸ್ತಿ ಆಗ್ತದ. ಉಪ್ಪಿನಕಾಯಿಗಂತ ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿ ಇಟ್ರ ಏನಾಗ್ತದ?"

"ನೀರು ಬಿಡ್ತದ."

"ಕರುಳೂ ಹಂಗ. ಒಳಗ ಉಪ್ಪು-ಸಕ್ಕರಿ ಗಟ್ಟಿಯಾಗಿ ಬಂದ್ರ ಮೈಯಾಗಿನ ನೀರೇ ಹೊರಗ ಬರ್ತದ."

ಅಕ್ಕ ಲೋಟವನ್ನು ಬಚ್ಚಲಿಗೆ ಚೆಲ್ಲಿದಳು. ನಾನೂ ಅಲ್ಲೇ ನಿಂತಿದ್ದೆ, ನನಗೂ ಗೊತ್ತಿರಲಿಲ್ಲ. ಓದು-ಬರಹ ಬಲ್ಲವನೆಂಬ ಹಮ್ಮು ಸ್ವಲ್ಪ ಇಳಿಯಿತು.

ಹುಡುಗಿಯ ಪಾಠದ ಪುಸ್ತಕದಲ್ಲಿ ಇದಕ್ಕೆ 'ಎಲೆಕ್ಟ್ರೊಲೈಟ್ ಸಮತೋಲನ' ಎಂದು ದೊಡ್ಡ ಹೆಸರಿದೆ. ನೀರಿನಲ್ಲಿ ಕರಗಿ ವಿದ್ಯುತ್ ಹರಿಯಲು ಬಿಡುವ ಲವಣಗಳೇ ಎಲೆಕ್ಟ್ರೊಲೈಟುಗಳು. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮುಖ್ಯವಾದವು. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು, ಪೊಟ್ಯಾಸಿಯಂ ಬರೀ 3.5ರಿಂದ 5. ಆ ಚೂರು ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಭೇದಿಯಲ್ಲಿ ಹೋಗುವುದು ಬರೀ ನೀರಲ್ಲ, ಈ ಲವಣಗಳೂ ಹೋಗುತ್ತವೆ.

ಹಾಗಾದರೆ ಉಪ್ಪುನೀರು ಕುಡಿಸಿದರೆ ಸಾಲದೇ? ಸಾಲದು. ಕರುಳಿನ ಗೋಡೆಯಲ್ಲಿ ಒಂದು ವಿಶೇಷ ಬಾಗಿಲಿದೆ. ಅಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಕೈಕೈ ಹಿಡಿದು ಬಂದರೆ ಮಾತ್ರ ಒಳಗೆ ಪ್ರವೇಶ, ಅವುಗಳ ಹಿಂದೆಯೇ ನೀರು. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಇದನ್ನು ವಿವರಿಸಿದರು. ಕಾಲರಾದಂಥ ಘೋರ ಭೇದಿಯಲ್ಲೂ ಈ ಬಾಗಿಲು ಮುಚ್ಚುವುದಿಲ್ಲ. ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ರುಚಿಗಲ್ಲ, ಬಾಗಿಲು ತೆರೆಯಲು.

ಅಜ್ಜ-ಅಜ್ಜಿಯರು ತಮ್ಮ ಹಿರಿಯರ ಬಾಯಲ್ಲಿ 'ಧಾತು ಬರ'ದ ಮಾತು ಕೇಳಿರಬಹುದು. 1876-78ರ ಆ ಬರದಲ್ಲಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಬಹಳ ನರಳಿತು. ಹಸಿವಿನ ಜೊತೆಗೇ ಕಾಲರಾ ಬಂತು. ಆ ಕಾಲದಲ್ಲಿ ಉಪ್ಪು, ಸಕ್ಕರೆ, ನೀರು ಮೂರೂ ಲೋಕದಲ್ಲಿದ್ದವು. ಅವನ್ನು ಯಾವ ಅಳತೆಯಲ್ಲಿ ಬೆರೆಸಬೇಕೆಂಬುದಷ್ಟೇ ಯಾರಿಗೂ ತಿಳಿದಿರಲಿಲ್ಲ.

ಅದು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಬಂದದ್ದು 1971ರಲ್ಲಿ. ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು, ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ಸಲೈನ್ ಬಾಟಲಿಗಳು ಮುಗಿಯುತ್ತಿವೆ. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾಗಳನ್ನು ಅಳೆದು ಪೊಟ್ಟಣ ಕಟ್ಟಿಸಿದರು. ನಲ್ಲಿ ಇರುವ ಡ್ರಮ್ಮುಗಳಲ್ಲಿ ಕಲಸಿಟ್ಟರು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ನೂರಕ್ಕೆ ಮೂವತ್ತರವರೆಗೂ ಹೋಗಿದ್ದ ಸಾವು ಅವರ ಆರೈಕೆಯಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ. ಬದುಕಿದ್ದಾಗಲೇ ಕೊಡಬಹುದಿತ್ತು ಎಂದು ನನಗೆ ಅನ್ನಿಸುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ ಮಕ್ಕಳೇ. ಓಆರ್‌ಎಸ್ ಒಂದೇ ಒಂದು ರೋಗಾಣುವನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ನಮ್ಮೊಳಗಿನ ಕಾವಲುಪಡೆ. ಜಠರದ ಆಮ್ಲ ಮೊದಲ ಕಾವಲು. ಅದನ್ನು ದಾಟಿದವನ್ನು ಕರುಳಿನ ಗೋಡೆಯಲ್ಲಿರುವ ರೋಗನಿರೋಧಕ ಕೋಶಗಳು ಎದುರಿಸುತ್ತವೆ. ಆದರೆ ಈ ಪಡೆಗೆ ಶತ್ರುವಿನ ಗುರುತು ಹಿಡಿದು, ಪ್ರತಿಕಾಯಗಳನ್ನು ತಯಾರಿಸಿ ಗೆಲ್ಲಲು ಕೆಲವು ದಿನ ಬೇಕು. ನೀರು, ಲವಣ ಇಳಿದರೆ ರಕ್ತದೊತ್ತಡ ಕುಸಿದು ಚಿಕ್ಕ ಕೂಸು ಕೆಲವೇ ಗಂಟೆಗಳಲ್ಲಿ ಸೋತುಹೋಗಬಹುದು. ಪಡೆ ಗೆಲ್ಲುವವರೆಗೆ ಕೋಟೆ ಬೀಳದಂತೆ ನೋಡಿಕೊಳ್ಳುವುದೇ ಓಆರ್‌ಎಸ್ ಕೆಲಸ. ಬಳ್ಳಾರಿ ಗುಡ್ಡದ ಕೋಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುತ್ತಿಗೆಯಲ್ಲಿ ಒಳಗೆ ನೀರಿದ್ದರೆ ಅರ್ಧ ಗೆದ್ದಂತೆ.

ಪಡೆಗೆ ಬಲ ಕೊಡುವುದು ಸತುವಿನ ಮಾತ್ರೆ, ಅಂದರೆ ಜಿಂಕ್. ಓಆರ್‌ಎಸ್ ಜೊತೆ ಅದನ್ನೂ ಆಶಾ ಕಾರ್ಯಕರ್ತೆಯರು ಕೊಡುತ್ತಾರೆ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಮೂರನೇ ದಿನಕ್ಕೆ ನಿಲ್ಲಿಸಿ ಉಳಿದದ್ದನ್ನು ದೇವರ ಗೂಡಿನಲ್ಲಿಡುವ ಮನೆಗಳೇ ಹೆಚ್ಚು. ಇನ್ನು, ಹುಟ್ಟಿದ 6, 10, 14ನೇ ವಾರದಲ್ಲಿ ಹಾಕುವ ರೋಟಾವೈರಸ್ ಲಸಿಕೆ ಕಾವಲುಪಡೆಗೆ ಶತ್ರುವಿನ ಮುಖ ಮೊದಲೇ ತೋರಿಸಿಡುತ್ತದೆ.

ಈಗ ಹಿರಿಯರ ಸರದಿ. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಗೆ ನಡೆದು ಹೋದರೂ ಸಾಕು, ಅಂಗಿಯ ಬೆನ್ನಲ್ಲಿ ಬಿಳಿ ಗೆರೆ ಮೂಡುತ್ತದೆ. ಅದು ಮೈಯಿಂದ ಹೋದ ಉಪ್ಪು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂಕಾಗುತ್ತದೆ, ನೀರು ಬೇಕೆಂದು ಅನ್ನಿಸುವುದೇ ಇಲ್ಲ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ಮೂತ್ರದಲ್ಲಿ ಸೋಡಿಯಂ ಕಳೆಯುತ್ತವೆ. ಅಜ್ಜ ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ, ತೂರಾಡಿದರೆ, ಅರಳುಮರಳು ಎಂದು ಸುಮ್ಮನಾಗದೆ ಸೋಡಿಯಂ ಪರೀಕ್ಷೆ ಮಾಡಿಸಿ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಒಳ್ಳೆಯವೇ. ಕಿಡ್ನಿ, ಹೃದಯದ ತೊಂದರೆ ಇದ್ದವರು ಮಾತ್ರ ಉಪ್ಪು, ಓಆರ್‌ಎಸ್ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಅಂಗಡಿಯಲ್ಲಿ ಬಣ್ಣದ ಡಬ್ಬಿಗಳಲ್ಲಿ ಸಿಗುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು ಆದೇಶಿಸಿತು. ನಿಜವಾದ ಪೊಟ್ಟಣದಲ್ಲಿ ಲೀಟರಿಗೆ 20.5 ಗ್ರಾಂ ಪುಡಿ ಇರುತ್ತದೆ. ಅದರಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. 200 ಮಿ.ಲೀ.ಗೆ ಸಾಕಾಗುವ ಚಿಕ್ಕ ಪೊಟ್ಟಣವೂ ಉಂಟು. ಮೇಲಿನ ಅಕ್ಷರ ಸಣ್ಣದು, ಓದುವ ಕೆಲಸ ಮೊಮ್ಮಕ್ಕಳದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಕುಡಿಯಲಾರದೆ ಮಂಕಾದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ.

ಆ ದಿನ ಹುಡುಗಿ ಇನ್ನೊಂದು ಪೊಟ್ಟಣ ತರಿಸಿ, ಲೀಟರ್ ಬಾಟಲಿಯಲ್ಲಿ ಅಳೆದ ನೀರಿಗೆ ಕಲಸಿದಳು. ತಮ್ಮನಿಗೆ ಚಮಚ ಚಮಚವಾಗಿ ಕುಡಿಸುತ್ತ ಕೂತಳು. ಒಮ್ಮೆ ವಾಂತಿಯಾಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದಳು. ಸಂಜೆ ನಾಲ್ಕಕ್ಕೆ ಅವನು ಉಚ್ಚೆ ಹೊಯ್ದಾಗ ಅಕ್ಕನಿಗೆ ಆದ ಸಂತೋಷ ಹೇಳತೀರದು, ನೆನೆದ ಸೀರೆಯ ಕಡೆಗೂ ನೋಡಲಿಲ್ಲ. ರಾತ್ರಿ ಅವಳು ಸ್ಟೀಲ್ ಪಾತ್ರೆಯೊಂದಕ್ಕೆ ಬಾಟಲಿಯಿಂದ ಒಂದು ಲೀಟರ್ ನೀರು ಸುರಿದು, ನೀರು ನಿಂತ ಮಟ್ಟದಲ್ಲಿ ಮೊಳೆಯಿಂದ ಗೆರೆ ಗೀಚಿಟ್ಟಳು. ಆ ಪಾತ್ರೆಯಲ್ಲಿ ಈಗ ಸಾರು ಮಾಡುವಂತಿಲ್ಲ.