ಕಥೆಯೊಳಗಿನ ಹಳ್ಳಿಗೆ ಜೀವ ಬರುವುದೆಂತು?

ಶಾಲಾ ಕಾಲೇಜುಗಳ ಕಥಾಸ್ಪರ್ಧೆಗೆ ಬರುವ ಬರಹಗಳಲ್ಲಿ ಒಂದು ಹಳ್ಳಿ ಪದೇಪದೇ ಕಾಣಿಸಿಕೊಳ್ಳುತ್ತದೆ. ಅಲ್ಲಿ ಸದಾ ಹಚ್ಚಹಸಿರು, ಜುಳುಜುಳು ಹರಿಯುವ ತೊರೆ, ಮುಗ್ಧ ಜನ, ಆಲದ ಮರದಡಿ ಪಂಚಾಯಿತಿ. ಆ ಊರು ಕೋಲಾರದ ಕಡೆಯದೋ ಕೊಡಗಿನದೋ, ಅಲ್ಲಿಯವರು ಏನು ಬೆಳೆದು ಏನು ಉಣ್ಣುತ್ತಾರೋ, ಕೊನೆಯ ಸಾಲಿನವರೆಗೂ ತಿಳಿಯುವುದಿಲ್ಲ. ಇದು ಕ್ಯಾಲೆಂಡರಿನ ಹಳ್ಳಿ. ಗೋಡೆಗೆ ಚೆಂದ, ಕಥೆಗೆ ಸಾಲದು.

ಹಳ್ಳಿಗೆ ಜೀವ ಬರುವುದು ವರ್ಣನೆಯಿಂದಲ್ಲ, ತಿಳಿವಳಿಕೆಯಿಂದ. ಯಾವ ತಿಂಗಳು, ಯಾವ ಬೆಳೆ, ಯಾರ ಹೊಲ, ಯಾರ ದುಡಿಮೆ ಎಂಬುದನ್ನು ಬಲ್ಲವನಿಗೆ ವಿಶೇಷಣಗಳ ಹಂಗಿಲ್ಲ.

ಮಳೆ, ಚಂದ್ರ, ಕೋಗಿಲೆ

ಹಳ್ಳಿಯ ಬದುಕು ಮಳೆಯ ಲೆಕ್ಕದಲ್ಲಿ ನಡೆಯುತ್ತದೆ. ಸೂರ್ಯ ವರ್ಷವೊಂದರಲ್ಲಿ 27 ನಕ್ಷತ್ರಗಳನ್ನು ಹಾದುಹೋಗುವಂತೆ ಕಾಣುವುದರಿಂದ ಒಂದೊಂದು ಮಳೆಗೆ ಸುಮಾರು 13-14 ದಿನಗಳ ಅವಧಿ. ಆರಿದ್ರೆ ಜೂನ್ 21-22ರ ಹೊತ್ತಿಗೆ ಹುಟ್ಟುತ್ತದೆ. 'ಮಳೆಗಾಲ ಶುರುವಾಗಿತ್ತು' ಎನ್ನುವುದಕ್ಕೂ 'ಆರಿದ್ರೆ ಹುಟ್ಟಿ ಆರು ದಿನವಾದರೂ ಹನಿ ಬಿದ್ದಿರಲಿಲ್ಲ' ಎನ್ನುವುದಕ್ಕೂ ಇರುವ ಅಂತರ ನೋಡಿ. ಎರಡನೆಯದರಲ್ಲಿ ರೈತನ ಆತಂಕವೂ ಬಂದುಬಿಟ್ಟಿದೆ.

ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಮೂಡುತ್ತಾನೆ. ಬಹುಳ ಅಷ್ಟಮಿಯ ಚಂದ್ರ ಮೂಡುವುದು ನಡುರಾತ್ರಿಯ ಸುಮಾರಿಗೆ. ಯಾರಿಗೂ ಹೇಳದೆ ಊರು ಬಿಡುವ ಪಾತ್ರಕ್ಕೆ ದಾರಿ ಕಾಣುತ್ತದೆಯೇ ಇಲ್ಲವೇ ಎಂಬುದನ್ನು ತಿಥಿಯೇ ತೀರ್ಮಾನಿಸುತ್ತದೆ. ಇನ್ನು ಡಿಸೆಂಬರಿನ ಚಳಿಯಲ್ಲಿ ಕೋಗಿಲೆ ಗಂಟಲು ಬಿಟ್ಟು ಹಾಡಿದರೆ, ಹಳ್ಳಿಯ ಓದುಗ ಅಲ್ಲಿಗೇ ಪುಸ್ತಕ ಮುಚ್ಚಿಡುತ್ತಾನೆ.

ಕೆಲಸದಲ್ಲೇ ಕಥೆಯಿದೆ

ಒಕ್ಕಣೆಯ ಒಂದು ದೃಶ್ಯವನ್ನು ಊಹಿಸಿಕೊಳ್ಳಿ. ಕಣದಲ್ಲಿ ರಾಗಿಯ ರಾಶಿ ಬಿದ್ದಿದೆ. ತೂರಬೇಕೆಂದರೆ ಮೂರು ದಿನದಿಂದ ಗಾಳಿಯಿಲ್ಲ. ಮೂಡಣದಲ್ಲಿ ಮೋಡ ಕಟ್ಟುತ್ತಿದೆ. ಸಾಲ ಕೊಟ್ಟವರು ನಾಳೆ ಬರುವವರಿದ್ದಾರೆ. ಇಲ್ಲಿ 'ಸುಂದರ' ಎಂಬ ಪದವೇ ಇಲ್ಲ, ಆದರೂ ಊರು ಕಣ್ಣ ಮುಂದೆ ನಿಲ್ಲುತ್ತದೆ. ಏಕೆಂದರೆ ಗಾಳಿ, ಮೋಡ, ಕಣ ಇವು ಬರೀ ಹಿನ್ನೆಲೆಯಾಗಿ ಉಳಿಯದೆ ಒಂದು ಮನೆಯ ಅಳಿವು ಉಳಿವಿನ ಪ್ರಶ್ನೆಯಾಗಿವೆ.

ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಆಗಿರುವುದೂ ಇದೇ. ಎತ್ತುಗಳಿದ್ದೂ ಸ್ವಂತ ಬೇಸಾಯ ಮಾಡಲು ಚೋಮನಿಗೆ ನೆಲವಿಲ್ಲ. ಅವನ ಜಾತಿಯೇ ಅಡ್ಡಿ. ಆ ಊರನ್ನೂ ಆ ನೆಲವನ್ನೂ ತೆಗೆದುಬಿಟ್ಟರೆ ಕಥೆಯೇ ಇಲ್ಲ. ತಾನು ಬರೆದ ಹಳ್ಳಿಗೆ ವಿದ್ಯಾರ್ಥಿ ಒಡ್ಡಬಹುದಾದ ಪರೀಕ್ಷೆಯೂ ಇದೇ: ಈ ಕಥೆಯನ್ನು ಎತ್ತಿ ಬೇರೊಂದು ಊರಿನಲ್ಲಿಟ್ಟರೂ ನಡೆಯುತ್ತದೆಯೇ? ನಡೆಯುವುದಾದರೆ ಹಳ್ಳಿ ಇನ್ನೂ ಒಳಗೆ ಬಂದಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಇನ್ನೊಂದು ದಾರಿ ತೋರಿಸುತ್ತದೆ. ಅಲ್ಲಿ ಹಾರುವ ಓತಿಯನ್ನು ಹುಡುಕುವ ವಿಜ್ಞಾನಿಗೆ, ಕಾಡನ್ನೂ ಜೇನನ್ನೂ ಬಲ್ಲ ಮಂದಣ್ಣನ ನೆರವು ಬೇಕಾಗುತ್ತದೆ. ಹಳ್ಳಿಗನನ್ನು ಬರೀ ಮುಗ್ಧನೆಂದು ಬರೆಯುವುದು ಅವನಿಗಿರುವ ತಿಳಿವನ್ನು ಅಳಿಸಿಹಾಕಿದಂತೆ.

ಮಾತಿನ ಸೊಗಡು

'ಹ'ಕಾರ ಬಿಟ್ಟು ಬರೆದ ಮಾತ್ರಕ್ಕೆ ಗ್ರಾಮ್ಯ ಭಾಷೆಯಾಗದು. ಧಾರವಾಡದ 'ಯವ್ವಾ'ಗೂ ಮಂಗಳೂರಿನ 'ಮಾರಾಯ'ನಿಗೂ ತಮ್ಮದೇ ನೆಲವಿದೆ. ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾರು ಜಗಲಿಯ ಮೇಲೆ ಕೂರುತ್ತಾರೆ, ಯಾರು ಅಂಗಳದಲ್ಲೇ ನಿಲ್ಲುತ್ತಾರೆ ಎಂಬುದನ್ನು ಗಮನಿಸಿದರೆ ಊರಿನ ಮೇಲು ಕೀಳು ಹೇಳದೆಯೇ ತಿಳಿಯುತ್ತದೆ.

ಹಳ್ಳಿಯೂ ನಿಂತಲ್ಲೇ ನಿಂತಿಲ್ಲ. ಎಷ್ಟೋ ಕಡೆ ಒಕ್ಕಣೆ ಕಣದಿಂದ ಟಾರು ರಸ್ತೆಗೆ ಬಂದಿದೆ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರೈತ ಟಾರ್ಚು ಹಿಡಿದು, ಹಾವಿನ ಭಯದಲ್ಲೇ ಮೋಟಾರು ಹಾಕಲು ಹೋಗುತ್ತಾನೆ. ಇಂದಿನ ಕಥೆಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆ?

ರಜೆಯಲ್ಲಿ ಮಕ್ಕಳನ್ನು ಅಜ್ಜಿಯ ಊರಿಗೆ ಕಳಿಸುವ ತಂದೆತಾಯಿಗಳು ಜೊತೆಗೊಂದು ನೋಟ್‌ಬುಕ್ಕನ್ನೂ ಕೊಡಲಿ. ಮಕ್ಕಳು ನೋಡಿದ್ದನ್ನಷ್ಟೇ ಅಲ್ಲ, ಕೇಳಿ ತಿಳಿದದ್ದನ್ನೂ ಬರೆದಿಡಲಿ. ಒಂದು ದಿನ ಕಳೆ ಕಿತ್ತು ಬೆನ್ನು ನೋಯಿಸಿಕೊಂಡ ಹುಡುಗ ಹೊಲವನ್ನು ಮತ್ತೆಂದೂ ಬರೀ 'ಹಸಿರು ಹಾಸಿಗೆ' ಎಂದು ಬರೆಯಲಾರ.